ನೋವಿನೆಣ್ಣೆಯೂ ಸೀಸೆಯ ಮೇಲಿನ ಮಾತೂ

ಕೀಲುನೋವಿಗೆ ತೈಲ ಹಚ್ಚಿ ನೀವುವ ಪದ್ಧತಿಯನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವವರು ಆ ತೈಲವು ಸಿದ್ಧವಾಗುವ ಬಗೆಯನ್ನು ಒಮ್ಮೆ ಕಣ್ಣಾರೆ ನೋಡತಕ್ಕದ್ದು. ಆಯುರ್ವೇದ ಗ್ರಂಥವಾದ ಶಾರ್ಙ್ಗಧರ ಸಂಹಿತೆಯು ವಿಧಿಸಿದಂತೆ ಒಂದು ಭಾಗ ಕಲ್ಕಕ್ಕೆ, ಎಂದರೆ ಅರೆದ ಮೂಲಿಕೆಯ ಮುದ್ದೆಗೆ, ನಾಲ್ಕು ಭಾಗ ಎಳ್ಳೆಣ್ಣೆಯನ್ನೂ ಹದಿನಾರು ಭಾಗ ಕಷಾಯವನ್ನೂ ಕೂಡಿಸಿ, ನೀರಿನಂಶವೆಲ್ಲ ಇಂಗುವ ತನಕ ಮಂದಾಗ್ನಿಯ ಮೇಲೆ ತಳಹಿಡಿಯದಂತೆ ಕೈಯಾಡಿಸುತ್ತಿದ್ದು, ಎಣ್ಣೆಯಲ್ಲಿ ನೊರೆಯೆದ್ದುದನ್ನು ಕಂಡ ಮೇಲೆ ಪಾಕ ಬಲ್ಲವನು ಚಿಟಿಕೆ ಕಲ್ಕವನ್ನು ಬೆರಳುಗಳ ನಡುವೆ ಹೊಸೆದು ನೋಡುತ್ತಾನೆ. ಅದು ಬತ್ತಿಯಂತೆ ಹೊಸೆದುಬಂದು, ಬೆಂಕಿಗೆ ಹಾಕಿದಾಗ ಚಟಚಟ ಸದ್ದಿಲ್ಲದೆ ಉರಿದರೆ ಮಾತ್ರ ಪಾಕವು ಹದಕ್ಕೆ ಬಂದಂತೆ.

ಇಂತಹ ತಾಳ್ಮೆಯಿಂದ ಕಾಯಿಸಿದ ಮಹಾನಾರಾಯಣ ತೈಲವನ್ನಾಗಲಿ, ಬಲಾಮೂಲವನ್ನೂ ಹಾಲನ್ನೂ ಸೇರಿಸಿ ಮಾಡಿದ ಕ್ಷೀರಬಲಾ ತೈಲವನ್ನಾಗಲಿ ಬೆಚ್ಚಗೆ ಮಾಡಿ, ಪಳಗಿದ ಕೈಯೊಂದು ಮಂಡಿಯ ಸುತ್ತ ನಿಧಾನವಾಗಿ ನೀವಿದಾಗ ಬಿಗಿದ ಸ್ನಾಯುಗಳು ಸಡಿಲಗೊಂಡು ನೋವು ತಗ್ಗುವುದು ಅನುಭವಸಿದ್ಧವಾದ ಸಂಗತಿ. ಆದರೆ ಶಮನವು ಬೇರೆ, ನಿರ್ಮೂಲನವು ಬೇರೆ. ಸವೆದ ಮೃದ್ವಸ್ಥಿಯನ್ನು ಯಾವ ತೈಲವೂ ಮರಳಿ ಬೆಳೆಸಲಾರದು. ಸಂಧಿವಾತವನ್ನು ಗುಣಪಡಿಸುವೆವೆಂದು ಸಾರ್ವಜನಿಕರಿಗೆ ಜಾಹೀರಾತು ನೀಡುವುದನ್ನು ಔಷಧ ಜಾಹೀರಾತುಗಳ ಕುರಿತಾದ 1954ರ ಕಾಯಿದೆಯೇ ನಿಷೇಧಿಸಿದ್ದರೂ, ನೋವನ್ನು ಬುಡಸಮೇತ ಕೀಳುವೆವೆಂಬ ಘೋಷಣೆಗಳಿಗೆ ಇಂದಿಗೂ ಬರವಿಲ್ಲ.

ಇನ್ನು, ಉದಕಮಂಡಲಕ್ಕೆ ಹೋದವರು ಕೊಂಡುತರುವ ವಿಂಟರ್‌ಗ್ರೀನ್ ಎಣ್ಣೆಯ ವಿಷಯ. ನೀಲಗಿರಿಯ ಪೊದೆಗಿಡವೊಂದರ ಎಲೆಗಳಿಂದ ಭಟ್ಟಿಯಿಳಿಸುವ ಈ ಎಣ್ಣೆಯು ಬಹುಪಾಲು ಮೀಥೈಲ್ ಸ್ಯಾಲಿಸಿಲೇಟೇ ಆಗಿದ್ದು, ಅದು ಆಸ್ಪಿರಿನ್ ಮಾತ್ರೆಯ ಹತ್ತಿರದ ಬಂಧು. ಮಿತವಾಗಿ ಬೆರೆಸಿ ಹಚ್ಚಿದರೆ ಹಿತ. ಆದರೆ ಶುದ್ಧರೂಪದಲ್ಲಿ 5 ಮಿಲಿಲೀಟರಿನಷ್ಟು, ಎಂದರೆ ಒಂದು ಚಹಾ ಚಮಚದಷ್ಟು, ಹೊಟ್ಟೆಗೆ ಹೋದರೆ 20ಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳನ್ನು ಒಮ್ಮೆಗೇ ನುಂಗಿದಂತಾಗಿ, ಎಳೆಯ ಮಗುವಿನ ಪ್ರಾಣಕ್ಕೇ ಎರವಾಗಬಲ್ಲದು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವ ವೃದ್ಧರು ಇದನ್ನು ಧಾರಾಳವಾಗಿ ತಿಕ್ಕಿಕೊಂಡರೆ ರಕ್ತಸ್ರಾವದ ಭಯವುಂಟು. ಇಂತಹ ಎಣ್ಣೆಯನ್ನು ಗಿಡಮೂಲಿಕೆಯದೆಂಬ ಒಂದೇ ಭರವಸೆಯಿಂದ ದೇವರ ಗೂಡಿನಲ್ಲಿಯೋ ಹಾಸಿಗೆಯ ಬಳಿಯೋ ಇಟ್ಟುಬಿಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಆದುದರಿಂದ ತೈಲದ ಅಭಿಮಾನಿಗಳಾದ ನಾವೇ ಮುಂದೆ ನಿಂತು ಕೇಳಬೇಕಾದುದಿಷ್ಟು: ಸೀಸೆಯೊಳಗಿನ ದ್ರವ್ಯಗಳೂ ಅವುಗಳ ಪ್ರಮಾಣವೂ ಅಪಾಯವೂ ಮುದುಕರ ಕಣ್ಣಿಗೂ ಕಾಣುವ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಿರಲಿ, ಕೀಲು ಕೆಂಪಾಗಿ ಊದಿ ಜ್ವರ ಕಾಣಿಸಿದರೆ ತೈಲವನ್ನು ಬದಿಗಿಟ್ಟು ತಡಮಾಡದೆ ವೈದ್ಯರಲ್ಲಿಗೆ ಹೋಗಿರೆಂಬ ಸಾಲೊಂದು ಅದರ ಜೊತೆಗಿರಲಿ. ಇಷ್ಟನ್ನು ಬರೆಯಲೊಪ್ಪುವ ತಯಾರಕನ ತೈಲವನ್ನೇ ನಾವು ಕೊಳ್ಳತೊಡಗಿದರೆ, ಉಳಿದವರೂ ಬರೆಯದೆ ವಿಧಿಯಿರಲಾರದು.