ಮನೆವಾರ್ತೆ: ಕಾಶಿಯಲ್ಲಿ ಕೊಂಡ ಧಾರೆ ಸೀರೆ



ನಮ್ಮ ಸಂಘದ ಸದಸ್ಯೆಯೊಬ್ಬರು ಕಾಗದ ಬರೆದಿದ್ದಾರೆ. ಬರುವ ಮಾಘದಲ್ಲಿ ಅವರ ಮಗಳ ಮದುವೆ. ಅದಕ್ಕೆ ಮೊದಲು ಹಿರಿಯರ ಕಾರ್ಯಕ್ಕಾಗಿ ಕಾಶಿಗೆ ಹೋಗಬೇಕಾಗಿದೆಯಂತೆ. ಹೇಗೂ ಹೋಗುತ್ತೇವಲ್ಲ, ಮದುವೆಯ ಸೀರೆಗಳನ್ನು ಅಲ್ಲಿಯೇ ಕೊಂಡರೆ ಅಗ್ಗವಾದೀತೆ, ಮೋಸ ಹೋಗದೆ ಬರುವುದು ಹೇಗೆ ಎಂಬುದು ಅವರ ಪ್ರಶ್ನೆ.

ಇದಕ್ಕೆ ಉತ್ತರ ಹೇಳಲು ನಮಗೆ ಸ್ವಲ್ಪ ಅಧಿಕಾರವುಂಟು. ಹೋದ ವರ್ಷ ನಾವೂ ಇದೇ ಲೆಕ್ಕ ಹಾಕಿ ಕಾಶಿಗೆ ಹೋಗಿ, ಮೊದಲ ದಿನ ಪೇಚಾಡಿ, ಎರಡನೆಯ ದಿನ ಬುದ್ಧಿ ಕಲಿತು ಬಂದವರು.

ನಮ್ಮ ಮದುವೆಗಳಲ್ಲಿ ಗಂಡು ಕೊಡೆ ಕೋಲು ಹಿಡಿದು ಕಾಶಿಗೆ ಹೊರಡುತ್ತಾನೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆಣ್ಣಿನ ತಂದೆ ಹೋಗಿ ಕರೆತರುತ್ತಾನೆ. ನಮ್ಮ ಮನೆಯಲ್ಲಿ ಮಾತ್ರ ಹೆಣ್ಣೂ ಹೆಣ್ಣಿನ ತಂದೆಯೂ ಗಂಡಿಗಿಂತ ಮೊದಲೇ ಕಾಶಿ ನೋಡಿದರು. ನಮ್ಮ ಅತ್ತೆಯವರು ತೀರಿಕೊಂಡಿದ್ದರು. ವರ್ಷ ತುಂಬುವುದರೊಳಗೆ ಮನೆಯಲ್ಲಿ ಒಂದು ಮದುವೆ ಆಗಲಿ ಎಂದು ಹಿರಿಯರು ಹೇಳಿದ್ದರಿಂದ ನಮ್ಮ ಮೈದುನನ ಮಗಳ ಮದುವೆ ಗೊತ್ತಾಯಿತು. ಅಸ್ಥಿಯ ಮಡಕೆ ಒಂದು ಕೈಯಲ್ಲಿ, ಸೀರೆಗಳ ಪಟ್ಟಿ ಇನ್ನೊಂದು ಕೈಯಲ್ಲಿ ಹಿಡಿದು ನಾವು, ನಮ್ಮ ಯಜಮಾನರು, ಮೈದುನ ಮತ್ತು ಹುಡುಗಿ, ನಾಲ್ವರೂ ರೈಲು ಹತ್ತಿದೆವು.

ಇಳಿದುಕೊಂಡದ್ದು ಹರಿಶ್ಚಂದ್ರ ಘಾಟಿನ ಹತ್ತಿರ. ಕಾಶಿಯ ಎರಡು ಸ್ಮಶಾನ ಘಾಟುಗಳಲ್ಲಿ ಮಣಿಕರ್ಣಿಕೆ ಒಂದು, ಇದು ಇನ್ನೊಂದು. ಅಲ್ಲಿ ಏಕೆ ಇಳಿದಿರಿ ಎಂದು ಕೇಳಬೇಡಿ. ಪಕ್ಕದಲ್ಲಿಯೇ ಕರ್ನಾಟಕ ಘಾಟ್, ಅದರಾಚೆ ಹನುಮಾನ್ ಘಾಟ್, ಈಚೆಗೆ ಕೇದಾರ ಘಾಟ್. ದಕ್ಷಿಣದವರು ಬಹುಕಾಲದಿಂದ ಇಳಿಯುವ ಕೇರಿಗಳು ಇವು. ಬೆಳಿಗ್ಗೆ ಇಡ್ಲಿ ಸಿಕ್ಕುತ್ತದೆ, ಕನ್ನಡದ ನಾಲ್ಕು ಮಾತೂ ಕಿವಿಗೆ ಬೀಳುತ್ತವೆ.

ದೋಣಿಯಲ್ಲಿ ಹೋಗಿ ಅಸ್ಥಿ ಬಿಟ್ಟು ಬಂದ ಮೇಲೆ ಮೈದುನನಿಗೆ ಒಂದು ಸಂಕೋಚ ಹುಟ್ಟಿತು. "ಅತ್ತಿಗೆ, ಈ ಕೈಯಲ್ಲಿ ಈ ಹೊತ್ತೇ ಮದುವೆ ಸೀರೆ ಮುಟ್ಟುವುದೇ?" ಎಂದ. ನಾವು ಪುರೋಹಿತರನ್ನು ಕೇಳಿದೆವು. ಅವರು ನಕ್ಕು, "ಇದು ಕಾಶಿ ತಾಯಿ. ಸ್ನಾನ ಮಾಡಿಕೊಂಡು ಹೋಗಿ ಬನ್ನಿ" ಎಂದರು. ಮಾತು ನಿಜವೇ. ಅಲ್ಲಿಯ ಹೊಸ ಮದುಮಕ್ಕಳು ಸೆರಗಿಗೂ ಉತ್ತರೀಯಕ್ಕೂ ಗಂಟು ಹಾಕಿಕೊಂಡು, ವಾದ್ಯದ ಸಮೇತ ಗಂಗಾಪೂಜೆಗೆ ಬರುವುದುಂಟು. ಒಂದು ಘಾಟಿನಲ್ಲಿ ಚಿತೆ, ಮುಂದಿನ ಘಾಟಿನಲ್ಲಿ ಓಲಗ. ಆ ಊರಿಗೆ ಅದರಲ್ಲಿ ವಿಶೇಷವೇನೂ ಇಲ್ಲ.

ಆ ದಿನ ಮಧ್ಯಾಹ್ನ ನಾವು ಮಾಡಿದ ಮೊದಲ ತಪ್ಪೆಂದರೆ, ದಾರಿ ತೋರಿಸುತ್ತೇನೆಂದು ತಾನಾಗಿಯೇ ಬಂದ ಒಬ್ಬನ ಹಿಂದೆ ಹೋದದ್ದು. "ನೇಕಾರರ ಮನೆಗೇ ಕರೆದೊಯ್ಯುತ್ತೇನೆ, ಕಾರ್ಖಾನೆ ಬೆಲೆ" ಎಂದ. ಓಣಿಯಲ್ಲಿ ತಿರುಗಿಸಿ ತಿರುಗಿಸಿ ಒಂದು ಅಂಗಡಿಗೆ ಹೊಗಿಸಿದ. ಹಾಸಿದ ಬಿಳಿಯ ಗಾದಿ, ಏಲಕ್ಕಿ ಹಾಕಿದ ಚಹ, ತಲೆಯ ಮೇಲೆ ಕಣ್ಣು ಕೋರೈಸುವ ದೀಪಗಳು. ನಮ್ಮ ಹತ್ತಿರ ದುಡ್ಡೆಷ್ಟಿದೆ ಎಂದು ನಾವು ಹೇಳುವುದಕ್ಕೆ ಮೊದಲೇ ಮೂವತ್ತು ಸೀರೆಗಳು ಬಿಚ್ಚಿಬಿದ್ದವು. ಕೊನೆಗೊಂದು ಕುಂಕುಮ ಕೆಂಪಿನ ಸೀರೆಯನ್ನು ಹುಡುಗಿಯ ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಲ್ಲಿಸಿದರು. ಬೆಲೆ ರೂ. 38,000.

ನಾವು ಎಲ್ಲ ಸೀರೆಗಳಿಗೂ ಸೇರಿ ತಂದಿದ್ದ ಹಣ ರೂ. 40,000.

ಹುಡುಗಿ ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಂಡ ರೀತಿಯನ್ನು ಕಂಡು ಮೈದುನನ ಮುಖ ಕರಗಿತು. ನಮ್ಮ ಕಿವಿಯ ಹತ್ತಿರ ಬಂದು, "ತೆಗೆದುಕೊಂಡುಬಿಡೋಣ ಅತ್ತಿಗೆ. ಉಳಿದದ್ದಕ್ಕೆ ಸಾಲ ಮಾಡಿದರಾಯಿತು. ಅಮ್ಮ ಇದ್ದಿದ್ದರೆ ಬೇಡ ಅನ್ನುತ್ತಿದ್ದಳೇ?" ಎಂದ. ನಮಗೂ ಮಾತು ಹೊರಡಲಿಲ್ಲ. ನಾಳೆ ಬರುತ್ತೇವೆಂದು ಹೇಗೋ ಎದ್ದು ಬಂದೆವು.

ಸಂಜೆ ಹರಿಶ್ಚಂದ್ರ ಘಾಟಿನ ಮೆಟ್ಟಿಲ ಮೇಲೆ ಕುಳಿತಿದ್ದೆವು. ಕೆಳಗೆ ಎರಡು ಚಿತೆಗಳು ಉರಿಯುತ್ತಿದ್ದವು. ಶವಗಳ ಮೇಲೆ ಹೊದಿಸಿ ತರುವ ಹೊದಿಕೆಗಳು ಒಂದು ಕಡೆ ಬಿದ್ದಿದ್ದವು; ಕೆಂಪು, ಹಳದಿ, ಎಲ್ಲದರಲ್ಲಿಯೂ ಥಳಥಳಿಸುವ ಜರಿ. ಅಂಗಡಿಯ ದೀಪದ ಕೆಳಗೆ ಇಟ್ಟರೆ ಅವೂ ಚೆನ್ನಾಗಿಯೇ ಕಂಡಾವು ಎಂದು ನಮಗೆ ಅನ್ನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ.

ದೋಣಿಯವನು ಬಂದು ಕುಳಿತು, ತನಗೆ ತಿಳಿದಂತೆ ಹರಿಶ್ಚಂದ್ರನ ಕಥೆ ಹೇಳಿದ. ನಾವು ರಾಘವಾಂಕನ ಕಾವ್ಯದಿಂದಲೂ, 1965ರಲ್ಲಿ ಬಂದ ರಾಜಕುಮಾರರ ಚಿತ್ರದಿಂದಲೂ ಬಲ್ಲ ಚಂದ್ರಮತಿ ಅವನ ಬಾಯಲ್ಲಿ ತಾರಾಮತಿ. ಮಗನ ಶವಕ್ಕೆ ಸುಂಕ ಕೊಡಲು ಏನೂ ಇಲ್ಲದೆ, ಆಕೆ ಮೈಮೇಲಿನ ಒಂದೇ ಸೀರೆಯಲ್ಲಿ ಅರ್ಧ ಹರಿದು ಕೊಡಲು ಹೊರಟಳಂತೆ. ಕೊಡಬೇಕಾದ ಹಣ ತೀರಿಸುವುದಕ್ಕಾಗಿ ಹೆಂಡತಿ ಮಗನನ್ನು ಮಾರಿದ ರಾಜನ ಕಥೆಯನ್ನು, ಸಾಲ ಮಾಡಬೇಕೆಂದು ಯೋಚಿಸುತ್ತಿದ್ದ ತಂದೆ ಅದೇ ಘಾಟಿನಲ್ಲಿ ಕುಳಿತು ಕೇಳಿದ.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ದೊಡ್ಡಮ್ಮ, ಅಜ್ಜಿ ತನ್ನ ಧಾರೆ ಸೀರೆ ಎಷ್ಟು ಸಲ ಉಟ್ಟಿದ್ದಳು?" ಎಂದು ಕೇಳಿದಳು.

"ಗೌರಿಹಬ್ಬಕ್ಕೆ, ದೀಪಾವಳಿಗೆ, ನಿಮ್ಮಪ್ಪನ ಮುಂಜಿಗೆ, ನಮ್ಮ ಮದುವೆಗೆ. ಅಂಚು ಸವೆಯುವ ತನಕ ಉಟ್ಟರಮ್ಮ."

"ಹಾಗಾದರೆ ನನಗೂ ಅಂಥದು ಬೇಕು. ಒಂದು ದಿನ ನಾನುಟ್ಟು, ಮೂರು ವರ್ಷ ಅಪ್ಪ ಕಂತು ಕಟ್ಟುವಂಥದು ಬೇಡ."

ಮೈದುನ ಗಂಗೆಯ ಕಡೆ ಮುಖ ತಿರುಗಿಸಿಕೊಂಡ. ಅಲ್ಲಿಗೆ ನಮ್ಮ ಸೀರೆಯ ವ್ಯಾಪಾರ ಮುಕ್ಕಾಲು ಮುಗಿದಂತೆಯೇ ಆಯಿತು.

ಮಾರನೆಯ ದಿನ ಬೆಳಿಗ್ಗೆ ಯಾರ ಜೊತೆಯೂ ಬೇಡವೆಂದು ನಾವೇ ಹೊರಟೆವು. ಘಾಟಿನಿಂದ ಮೇಲೆ ಹತ್ತಿ ಸೋನಾರ್‌ಪುರದ ರಸ್ತೆ ಹಿಡಿದು ಗೋದೌಲಿಯಾ ಕಡೆಗೆ ನಡೆದರೆ ಮದನ್‌ಪುರ ಸಿಕ್ಕುತ್ತದೆ. ನೇಕಾರರ, ಸೀರೆ ವ್ಯಾಪಾರಿಗಳ ಹಳೆಯ ಕೇರಿ ಅದು. ಅದನ್ನು ದಾಟಿದರೆ ಜಂಗಮವಾಡಿ ಮಠ. ಮೂರು ಅಂಗಡಿ ನೋಡಿದೆವು. ಹೋದ ಕಡೆಯೆಲ್ಲ ಮೊದಲು ನಮ್ಮ ಮೊತ್ತ ಹೇಳಿ, ಇದಕ್ಕೆ ಮೀರಿದ್ದನ್ನು ಬಿಚ್ಚಲೇಬೇಡಿ ಎಂದೆವು. ಮೂರನೆಯ ಅಂಗಡಿಯ ಹಿರಿಯರು ಮುಚ್ಚುಮರೆಯಿಲ್ಲದೆ, ಯಾವುದು ಕೈಮಗ್ಗ, ಯಾವುದು ವಿದ್ಯುತ್ ಮಗ್ಗ ಎಂದು ಬೇರೆ ಬೇರೆ ಇಟ್ಟು ತೋರಿಸಿದರು. ಅವರಿಂದ ಕಲಿತದ್ದನ್ನೂ, ನಾವೇ ವಿಚಾರಿಸಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇವೆ.

ಮೊದಲು ನೂಲಿನ ವಿಚಾರ. ಹಾಸು ಹೊಕ್ಕು ಎರಡೂ ಹುರಿ ಹಾಕಿದ ಅಪ್ಪಟ ರೇಷ್ಮೆಯಾಗಿದ್ದರೆ ಅದನ್ನು ಅವರು ಕತಾನ್ ಎನ್ನುತ್ತಾರೆ. ನಮ್ಮ ಕರ್ನಾಟಕದ ರೇಷ್ಮೆ ನೂಲು ಬನಾರಸಿನ ಮಗ್ಗಗಳಿಗೆ ಹೋಗುವುದು ಹಳೆಯ ವ್ಯಾಪಾರ. ರಾಮನಗರದ ಗೂಡು ಕಾಶಿಯ ಸೀರೆಯಾಗಿ ಮರಳಿ ನಮ್ಮ ಮದುವೆಗೆ ಬಂದರೂ ಬಂದೀತು. ಸಂಶಯವಿದ್ದರೆ ಒಂದೆಳೆ ನೂಲನ್ನು ಕೇಳಿ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಸೆರಗಿನ ತುದಿಯಲ್ಲಿ ಜೋತಾಡುವುದು ಹಾಸಿನ ನೂಲು ಮಾತ್ರ. ಹೊಕ್ಕಿನ ಎಳೆಯನ್ನೂ ಕೇಳಬೇಕು. ಕಲಬೆರಕೆ ಅಡಗಿ ಕೂರುವುದು ಅಲ್ಲಿ.

ಎರಡನೆಯದು ನೇಯ್ಗೆ. ಒಂದೊಂದು ಬುಟ್ಟಾವನ್ನೂ ಬೇರೆ ಬೇರೆ ನೂಲಿನಿಂದ ಬಿಡಿಸುವುದಕ್ಕೆ ಕಢುವಾ ಎಂದು ಹೆಸರು. ಅದಕ್ಕೆ ದಿನ ಹೆಚ್ಚು ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಜರಿಯ ಲಾಳಿಯನ್ನು ಈ ಅಂಚಿನಿಂದ ಆ ಅಂಚಿಗೆ ಎಸೆದು, ಹಿಂಬದಿಯಲ್ಲಿ ಜೋತುಬಿದ್ದ ಎಳೆಗಳನ್ನು ಆಮೇಲೆ ಕತ್ತರಿಸುವುದು ಫೇಕುವಾ. ಇದು ಅಗ್ಗ. ಮುಂಬದಿಯಿಂದ ನೋಡಿದವರಿಗೆ ಎರಡೂ ಸೊಗಸೇ. ನಮ್ಮಂಥವರು ಅಪ್ಪಟ ರೇಷ್ಮೆಯಲ್ಲಿ ಫೇಕುವಾ ಬುಟ್ಟಾ ಕೊಂಡರೆ ಯಾವ ನಷ್ಟವೂ ಇಲ್ಲ. ಆದುದರಿಂದ ಸೀರೆಯನ್ನು ತಿರುಗಿಸಿ ಹಿಂಬದಿ ನೋಡದೆ ಬೆಲೆ ಮಾತಾಡಬೇಡಿ. ಅಂಚಿನ ಉದ್ದಕ್ಕೂ ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳ ಸಾಲಿದ್ದರೆ ಅದು ಮಗ್ಗದ ಮೇಲೆ ಬಟ್ಟೆಯನ್ನು ಬಿಗಿದು ಹಿಡಿದ ಗುರುತು. ಕೈಮಗ್ಗದ ಸೀರೆಗೆ ಅದು ಕುಂದಲ್ಲ, ಲಕ್ಷಣ. ಮೊದಲ ದಿನದ ಆ ಅಂಗಡಿಯಲ್ಲಿ ನಮಗೆ ಹಿಂಬದಿಯನ್ನು ತೋರಿಸಲೇ ಇಲ್ಲ ಎಂಬುದು ನಮಗೆ ಆಗ ನೆನಪಾಯಿತು!

ಮೂರನೆಯದು ಗುರುತಿನ ಚೀಟಿಗಳು. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ, ರೇಷ್ಮೆ ಅಪ್ಪಟವೆಂದು ಹೇಳುತ್ತದೆಯೇ ಹೊರತು ಕೈಮಗ್ಗದ್ದೆಂದು ಹೇಳುವುದಿಲ್ಲ. ಅದಕ್ಕೆ 2006ರ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ. 2009ರಲ್ಲಿ ಬನಾರಸ್ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿತು. ವಾರಾಣಸಿ ಮತ್ತು ಸುತ್ತಿನ ಜಿಲ್ಲೆಗಳಲ್ಲಿ ನೇಯ್ದದ್ದು ಮಾತ್ರ ಆ ಹೆಸರಿಗೆ ಅರ್ಹ. ಸೂರತ್ತಿನ ವಿದ್ಯುತ್ ಮಗ್ಗದ ಸೀರೆಗಳೂ ಕಾಶಿಯ ಬೀದಿಯಲ್ಲಿಯೇ ಬನಾರಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ ಎಂಬುದನ್ನು ಮರೆಯಬಾರದು.

ನಾಲ್ಕನೆಯದು ಜರಿ. ಅಸಲಿ ಜರಿಯೆಂದರೆ ಚಿನ್ನದ ಲೇಪವಿರುವ ಬೆಳ್ಳಿಯ ಎಳೆ. ಅದರ ಬೆಲೆ ಬೆಳ್ಳಿಯ ಬೆಲೆಯನ್ನು ಹಿಂಬಾಲಿಸುತ್ತದೆ. ನಮ್ಮ ಮೊತ್ತಕ್ಕೆ ಅದು ಎಟುಕುವುದಿಲ್ಲ. ಹಾಗೆಂದು ಒಡಲೆಲ್ಲ ನಕಲಿ ಜರಿ ತುಂಬಿದ್ದನ್ನು ಕೊಳ್ಳುವುದಕ್ಕಿಂತ, ಅಂಚು ಸೆರಗಿಗೆ ಮಿತವಾಗಿ ಜರಿಯಿದ್ದು ರೇಷ್ಮೆ ಒಳ್ಳೆಯದಿರುವುದನ್ನು ಕೊಳ್ಳುವುದು ಮೇಲು. ನಮ್ಮ ಹುಡುಗಿಯರು ಆ ಸೀರೆಯುಟ್ಟು ಹೋಮದ ಹೊಗೆಯಲ್ಲಿ ಗಂಟೆಗಟ್ಟಲೆ ಕೂರಬೇಕು. ಧಾರೆಯ ನೀರು, ಅರಿಶಿನ, ಅಕ್ಷತೆ ಎಲ್ಲವೂ ಅದರ ಮೇಲೆಯೇ ಬೀಳುತ್ತವೆ. ಹಗುರವಾಗಿರಲಿ, ಬಣ್ಣ ಗಾಢವಾಗಿರಲಿ. ಬಣ್ಣವನ್ನು ಅಂಗಡಿಯ ದೀಪದಲ್ಲಲ್ಲ, ಬಾಗಿಲಿಗೆ ತಂದು ಬಿಸಿಲಿನಲ್ಲಿ ನೋಡಿ.

ಇನ್ನು ನಮ್ಮ ಲೆಕ್ಕ. ಧಾರೆಯ ಸೀರೆಯನ್ನು ಯಾವ ಕಡೆಯವರು ತರಬೇಕೆಂಬುದು ಮನೆಮನೆಗೂ ಬೇರೆ. ನಮ್ಮಲ್ಲಿ ಹೆಣ್ಣಿನ ಕಡೆಯವರದೇ. ಅದಕ್ಕೆ ಕುಂಕುಮ ಕೆಂಪಿನದೇ, ಅಪ್ಪಟ ಕತಾನ್, ರೂ. 16,500. ಬೀಗಿತ್ತಿಗೆ ರೂ. 7,000. ಹುಡುಗಿಯ ತಾಯಿಗೆ ರೂ. 6,000. ಕಳಶ ಹಿಡಿಯುವ ಇಬ್ಬರು ಹುಡುಗಿಯರಿಗೆ ಹತ್ತಿ ರೇಷ್ಮೆ ಬೆರೆತ ಸಣ್ಣ ಬುಟ್ಟಾದ ಸೀರೆಗಳು, ತಲಾ ರೂ. 2,200. ಉಡುಗೊರೆಗೆ ನಾಲ್ಕು ವಿದ್ಯುತ್ ಮಗ್ಗದ ಸೀರೆಗಳು, ತಲಾ ರೂ. 1,200. ಒಟ್ಟು ರೂ. 38,700. ಉಳಿದ ರೂ. 1,300 ಗೊಂಡೆ ಕಟ್ಟಿಸುವುದಕ್ಕೆ, ಕುಪ್ಪಸ ಹೊಲಿಸುವುದಕ್ಕೆ.

ಕಳಶಗಿತ್ತಿಯರ ವಿಷಯದಲ್ಲಿ ಒಂದು ಮಾತು. ಈಚೆಗೆ ಗೆಳತಿಯರೆಲ್ಲರೂ ಒಂದೇ ಬಗೆಯ ಸೀರೆ ಉಡಬೇಕೆಂಬ ಆಸೆ ಬಂದಿದೆ. ಒಂದೇ ಬಣ್ಣವಿದ್ದರೆ ಸಾಕು, ಒಂದೇ ಬೆಲೆ ಬೇಕಿಲ್ಲ. ಕಾಶಿಯದೇ ಆಗಬೇಕೆಂದೂ ಇಲ್ಲ. ನಮ್ಮ ಇಳಕಲ್, ಮೊಳಕಾಲ್ಮೂರು ಯಾವುದಕ್ಕೆ ಕಡಿಮೆ? ಅವರು ಅದನ್ನು ಮುಂದೆಯೂ ಉಡುವಂತಿರಬೇಕು, ಅಷ್ಟೆ. ಆರತಕ್ಷತೆಗೆ ಗೌನು, ಲೆಹೆಂಗ ಬೇಕೆನ್ನುವವರಿಗೆ ನಾವು ಅಡ್ಡಿ ಹೇಳುವುದಿಲ್ಲ. ಒಂದು ಸಂಜೆಯ ಉಡುಪು ಬಾಡಿಗೆಗೆ ಸಿಕ್ಕುವಾಗ ಕೊಂಡು ಪೆಟ್ಟಿಗೆಯಲ್ಲಿ ಇಡುವುದೇಕೆ?

ಹಾಗಾದರೆ ಕಾಶಿಯಲ್ಲಿ ಕೊಂಡರೆ ಅಗ್ಗವೇ? ರೈಲಿನ ಖರ್ಚು ಹಾಕಿ ಸೀರೆಗೆಂದೇ ಹೋದರೆ ಅಲ್ಲ. ಬೇರೆ ಕಾರ್ಯಕ್ಕೆ ಹೋದವರಿಗೆ ಆಯ್ಕೆ ಹೆಚ್ಚು, ಬೆಲೆಯೂ ಸ್ವಲ್ಪ ಕಡಿಮೆ. ಮೊತ್ತವನ್ನು ಮಾತ್ರ ಊರಿನಲ್ಲಿಯೇ ಗೊತ್ತುಮಾಡಿಕೊಂಡು, ಗಂಟು ಹಾಕಿಕೊಂಡು ಹೋಗಬೇಕು. ಅಲ್ಲಿ ಹೋಗಿ ಗೊತ್ತುಮಾಡುತ್ತೇವೆ ಎಂದರೆ ಕನ್ನಡಿಯ ಮುಂದೆ ನಿಂತ ಮಗಳ ಮುಖ ಗೊತ್ತುಮಾಡಿಬಿಡುತ್ತದೆ.

ಮದುವೆಯ ದಿನ ಹುಡುಗಿ ಆ ಸೀರೆಯಲ್ಲಿ ಲಕ್ಷಣವಾಗಿದ್ದಳು. ಬೆಲೆ ಎಷ್ಟೆಂದು ಕೇಳಿದವರು ಇಬ್ಬರೋ ಮೂವರೋ. ಅತ್ತೆಯವರ ಹಳೆಯ ಧಾರೆ ಸೀರೆಯ ಒಡಲು ಜೀರ್ಣವಾಗಿತ್ತು. ಹಳೆಯ ಜರಿ ಕೊಳ್ಳುವವನು ಬಂದು ಬೆಳ್ಳಿಯ ಲೆಕ್ಕದಲ್ಲಿ ಬೆಲೆ ಕಟ್ಟಿದ್ದ, ನಾವು ಕೊಡಲಿಲ್ಲ. ಅದರ ಅಂಚನ್ನು ಬಿಡಿಸಿ ಮದುಮಗಳ ಕುಪ್ಪಸದ ತೋಳಿಗೆ ಹೊಲಿಸಿದೆವು. ಧಾರೆ ಎರೆಯುವಾಗ ಮೈದುನನ ಕಣ್ಣು ಆ ತೋಳಿನ ಮೇಲೆಯೇ ಇತ್ತು.

ಮೊನ್ನೆ ಗೌರಿಹಬ್ಬದಂದು ಹುಡುಗಿ ಅದೇ ಸೀರೆಯುಟ್ಟು ಬಾಗಿನ ತಂದಿದ್ದಳು. ಎರಡನೆಯ ಸಲ ಉಟ್ಟದ್ದು. ನಾವು ಲೆಕ್ಕ ಇಡುತ್ತಿದ್ದೇವೆ.