ಅಡ್ಡಹೆಸರಿಲ್ಲದವರಿಗೆ ಸೇವ್ ಬಟನ್ ಇಲ್ಲ

ಏಪ್ರಿಲ್ ಬಂತು ಅಂದ್ರೆ ನಮ್ಮ ಆಫೀಸಲ್ಲಿ ಯುಗಾದಿಗಿಂತ ದೊಡ್ಡ ಹಬ್ಬ ಒಂದಿರುತ್ತೆ. ಅದರ ಹೆಸರು ರಿಲೀಸ್ ವೇವ್. ಮೈಕ್ರೋಸಾಫ್ಟ್‌ನ ಪವರ್ ಪ್ಲಾಟ್‌ಫಾರ್ಮ್‌ಗೆ ವರ್ಷಕ್ಕೆ ಎರಡು ಕಂತು ಹೊಸ ಫೀಚರ್ ಬರುತ್ತವೆ. ಏಪ್ರಿಲ್‌ನಿಂದ ಒಂದು, ಅಕ್ಟೋಬರ್‌ನಿಂದ ಇನ್ನೊಂದು. ಸೇಲ್ಸ್‌ಫೋರ್ಸ್‌ನವರದ್ದು ವರ್ಷಕ್ಕೆ ಮೂರು: ಸ್ಪ್ರಿಂಗ್, ಸಮ್ಮರ್, ವಿಂಟರ್. ಮಳೆಗಾಲದ ಹೆಸರಿನ ರಿಲೀಸ್ ಮಾತ್ರ ಇಲ್ಲ. ಮುಂಡಗೋಡ ಕಡೆಯ ನನಗೆ ಅದೊಂದು ಸಣ್ಣ ಬೇಜಾರು.

ಈ ಪ್ಲಾಟ್‌ಫಾರ್ಮ್‌ಗಳ ಕೆಲಸ ನಿಮ್ಮಲ್ಲಿ ಅನೇಕರಿಗೆ ಗೊತ್ತೇ ಇದೆ. ಗ್ರಾಹಕರ ಪಟ್ಟಿ, ಬಿಲ್ಲು, ರಜೆ ಅರ್ಜಿ, ರೋಗಿಗಳ ದಾಖಲೆ, ಇಂಥದ್ದಕ್ಕೆಲ್ಲ ಹೆಚ್ಚು ಕೋಡ್ ಬರೆಯದೇ ಆ್ಯಪ್ ಕಟ್ಟೋದು. 2023ರ ಮಾರ್ಚ್‌ನಲ್ಲಿ ಪವರ್ ಆ್ಯಪ್ಸ್‌ಗೆ ಕೋಪೈಲಟ್ ಬಂತು. ನಿಮಗೆ ಎಂಥ ಆ್ಯಪ್ ಬೇಕು ಅಂತ ಮಾಮೂಲಿ ಮಾತಲ್ಲಿ ಹೇಳಿದ್ರೆ ಸಾಕು, ಟೇಬಲ್ಲು, ಸ್ಕ್ರೀನು ಅದೇ ಹಾಕಿಕೊಡುತ್ತೆ. ಆಮೇಲೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ನಾನೂ ಕ್ಲೈಂಟ್‌ಗಳ ಮುಂದೆ ಡೆಮೊ ಕೊಟ್ಟು ಚಪ್ಪಾಳೆ ಗಿಟ್ಟಿಸಿದ್ದೇನೆ.

ಆದರೆ ನನ್ನದೊಂದು ತಕರಾರಿದೆ. ಇಷ್ಟೆಲ್ಲ ಹೊಸದು ಬಂದ ಮೇಲೂ ಒಂದು ಹಳೇದು ಅಲ್ಲಾಡದೆ ಕೂತಿದೆ: ಲಾಸ್ಟ್ ನೇಮ್ ಪಕ್ಕದ ಕೆಂಪು ನಕ್ಷತ್ರ.

ಸೇಲ್ಸ್‌ಫೋರ್ಸ್‌ನಲ್ಲಿ ಒಂದು ಕಾಂಟ್ಯಾಕ್ಟ್ ಸೇವ್ ಮಾಡೋಕೆ ಹೋಗಿ. ಫಸ್ಟ್ ನೇಮ್ ಬಿಟ್ಟರೂ ನಡೆಯುತ್ತೆ, ಲಾಸ್ಟ್ ನೇಮ್ ಬಿಟ್ಟರೆ ಸೇವ್ ಆಗಲ್ಲ. ಪ್ರತಿ ಮನುಷ್ಯನಿಗೂ ಮನೆತನದ ಹೆಸರೊಂದು ಇದ್ದೇ ಇರುತ್ತೆ ಅಂತ ಎಲ್ಲೋ ಯಾರೋ ಎಂದೋ ತೀರ್ಮಾನ ಮಾಡಿಬಿಟ್ಟಿದ್ದಾರೆ.

ನಾನು ಬೆಳೆದದ್ದು ಮುಂಡಗೋಡದ ಟಿಬೆಟನ್ ಕಾಲೊನಿಗೆ ಹತ್ತಿರದ ಹಳ್ಳಿಯಲ್ಲಿ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಆಗಿನ ಮೈಸೂರು ಸರ್ಕಾರ ಜಾಗ ಕೊಟ್ಟು, 1966ರಲ್ಲಿ ಇಲ್ಲಿ ವಸತಿ ಶುರುವಾಯ್ತು. ಕಾಡು ಕಡಿದು ಗೋವಿನಜೋಳ ಬೆಳೆದರು. ಡ್ರೆಪುಂಗ್, ಗಂಡೆನ್ ಅನ್ನೋ ದೊಡ್ಡ ಮಠಗಳನ್ನ ಇಲ್ಲೇ ಮತ್ತೆ ಕಟ್ಟಿದರು. ಚಳಿಗಾಲ ಬಂದ್ರೆ ಊರೂರು ತಿರುಗಿ ಸ್ವೆಟರ್ ಮಾರಿದರು. ನಮ್ಮ ಮನೆ ಹಾಲು ಕಾಲೊನಿಗೆ ಹೋಗ್ತಿತ್ತು. ಹಾಲು ತಗೊಳ್ತಿದ್ದ ಅಜ್ಜಿಯನ್ನ ನಾವು ಅಮಾಲಾ ಅಂತಲೇ ಕರೆಯೋದು. ಅವರ ಭಾಷೇಲಿ ಹಾಗಂದ್ರೆ ಅಮ್ಮಾರು ಅಂದ ಹಾಗೆ.

ಅವರ ಹೆಸರುಗಳ ಲೆಕ್ಕವೇ ಬೇರೆ. ಸಾಮಾನ್ಯವಾಗಿ ಎರಡು ಪದ ಇರುತ್ತೆ, ಎರಡೂ ಇಟ್ಟ ಹೆಸರೇ. ಗಂಡ, ಹೆಂಡತಿ, ಮಕ್ಕಳಿಗೆಲ್ಲ ಸೇರಿ ಒಂದು ಹೆಸರು ಅಂತ ಬಹಳ ಮನೆಗಳಲ್ಲಿ ಇರೋದಿಲ್ಲ. ದಾವಾ ಅಂದ್ರೆ ಸೋಮವಾರ, ಪಸಾಂಗ್ ಅಂದ್ರೆ ಶುಕ್ರವಾರ. ನಮ್ಮಲ್ಲಿ ಸೋಮಣ್ಣ ಇದ್ದ ಹಾಗೆ. ದಲಾಯಿ ಲಾಮಾ ಅವರ ಹೆಸರು ತೆನ್ಜಿನ್ ಗ್ಯಾತ್ಸೊ, ಅವರು ಹೆಸರಿಟ್ಟ ಮಕ್ಕಳಿಗೂ ತೆನ್ಜಿನ್ ಸೇರಿಕೊಳ್ಳುತ್ತೆ. ಕಾಲೊನಿಯಲ್ಲಿ ನಿಂತು ತೆನ್ಜಿನ್ ಅಂತ ಕೂಗಿದ್ರೆ ಎಷ್ಟು ಜನ ತಿರುಗ್ತಾರೆ, ನೀವೇ ಯೋಚಿಸಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮಾಲಾರನ್ನ ನೋಡೋಕೆ ಹೋದೆ. ಒಂದು ಲ್ಯಾಬ್ ರಿಪೋರ್ಟ್ ನನ್ನ ಕೈಗೆ ಕೊಟ್ಟರು.

"ತಮ್ಮಾ, ನನಗ ಸಕ್ಕರಿ ಬ್ಯಾನಿನ ಇಲ್ಲ. ಇದು ಯಾರದೋ ಐತಿ. ನೀ ಕಂಪ್ಯೂಟರ್ ಕಲ್ತಾಂವ, ನೋಡು."

ನೋಡಿದೆ. ಲ್ಯಾಬಿನ ಕೌಂಟರ್‌ನಲ್ಲಿ ಸರ್‌ನೇಮ್ ಕೇಳಿದ್ದಾರೆ. ಇಲ್ಲ ಅಂದಿದ್ದಕ್ಕೆ ಹೆಸರಿನ ಎರಡನೇ ಪದವನ್ನ ಲಾಸ್ಟ್ ನೇಮ್‌ಗೆ ಹಾಕಿದ್ದಾರೆ. ಹುಟ್ಟಿದ ತಾರೀಖು ಜನವರಿ 1, ಯಾಕಂದ್ರೆ ನಿಜವಾದ ತಾರೀಖು ಯಾರಿಗೂ ಗೊತ್ತಿಲ್ಲ. ವಿಳಾಸ ಬರೀ ಟಿಬೆಟನ್ ಕಾಲೊನಿ, ಮುಂಡಗೋಡ. ಅದೇ ಹೆಸರಿನ, ಅದೇ ಜನವರಿ 1ರ, ಅದೇ ವಿಳಾಸದ ಇನ್ನೊಬ್ಬ ಅಜ್ಜಿ ಮೊದಲೇ ದಾಖಲೆಯಲ್ಲಿದ್ದರು. ಈ ವ್ಯಕ್ತಿ ಈಗಾಗಲೇ ಇದ್ದಾರೆ, ಸೇರಿಸಲೇ ಅಂತ ಆ್ಯಪ್ ಕೇಳಿದೆ. ಕ್ಯೂ ಉದ್ದ ಇತ್ತೇನೋ, ಕೌಂಟರಿನ ಹುಡುಗಿ ಹೂಂ ಒತ್ತಿದ್ದಾಳೆ. ಅಲ್ಲಿಗೆ ಎರಡು ಜೀವ ಒಂದಾಯ್ತು. ಹಳೇ ರಿಪೋರ್ಟ್ ನೋಡಿದ ಡಾಕ್ಟರು ಸಕ್ಕರೆ ಕಾಯಿಲೆ ಮಾತ್ರೆ ಬರೆದಿದ್ದಾರೆ. ಅಮಾಲಾ ನುಂಗಿರಲಿಲ್ಲ, ಅಷ್ಟು ಪುಣ್ಯ. ಪ್ಲಾಸ್ಟಿಕ್ ಚೀಲದಲ್ಲಿ ಇಪ್ಪತ್ತು ವರ್ಷದ ಚೀಟಿಗಳನ್ನ ಇಟ್ಟುಕೊಂಡಿದ್ದರು. ಆ ಚೀಲ ನಮ್ಮ ಡೇಟಾಬೇಸ್‌ಗಿಂತ ಸರಿಯಾಗಿತ್ತು.

ಆ ಆ್ಯಪ್ ನಾನು ಕಟ್ಟಿದ್ದಲ್ಲ. ಆದರೆ ಅಂಥವು ನಾಲ್ಕು ಕಟ್ಟಿದ್ದೇನೆ. ನಾಲ್ಕರಲ್ಲೂ ಕೆಂಪು ನಕ್ಷತ್ರ ಹಾಗೇ ಬಿಟ್ಟಿದ್ದೇನೆ. ಡುಪ್ಲಿಕೇಟ್ ಹುಡುಕುವ ಫೀಚರ್ ಆನ್ ಮಾಡಿ, ಡೇಟಾ ಕ್ಲೀನ್ ಆಯ್ತು ಅಂತ ಅಪ್ರೈಸಲ್‌ನಲ್ಲಿ ಬರೆದುಕೊಂಡಿದ್ದೇನೆ. ಟಿಬೆಟನ್ ಕಾಲೊನಿ ಪಕ್ಕದಲ್ಲೇ ಬೆಳೆದ ನನಗೇ ಅದು ಹೊಳೆಯಲಿಲ್ಲ.

ಇದನ್ನ ಟೀಮಲ್ಲಿ ಹೇಳಿದಾಗ ಮೂರು ಉತ್ತರ ಬಂದವು.

ಮೊದಲನೇದು: ಲಾಸ್ಟ್ ನೇಮ್‌ನಲ್ಲಿ ಒಂದು ಚುಕ್ಕಿ ಹಾಕಿದ್ರೆ ಆಯ್ತಲ್ಲ? ಆಗಲ್ಲ. ಒಬ್ಬ ಚುಕ್ಕಿ ಹಾಕ್ತಾನೆ, ಇನ್ನೊಬ್ಬ ಹೆಸರನ್ನೇ ಎರಡು ಸಲ ಬರೀತಾನೆ, ಮತ್ತೊಬ್ಬ ಊರಿನ ಹೆಸರು ತುಂಬ್ತಾನೆ. ಕಡ್ಡಾಯ ಅಂತ ಮಾಡಿದ್ರೆ ಮಾಹಿತಿ ಸಿಗಲ್ಲ, ಸುಳ್ಳು ಸಿಗುತ್ತೆ.

ಎರಡನೇದು: ಇಂಥವರು ಎಷ್ಟು ಜನ ಮಹಾ? ನಮ್ಮನ್ನೇ ನೋಡಿಕೊಳ್ಳಿ. ಇನಿಷಿಯಲ್ ಇಟ್ಟುಕೊಂಡ ಹಳೇ ಮೈಸೂರಿನವರಿಗೆ ಅಡ್ಡಹೆಸರು ಎಲ್ಲಿಂದ ತರ್ತೀರಿ? ನಮ್ಮ ಕಡೆ ಅಡ್ಡಹೆಸರು ಇದೆ, ಆದರೆ ಅದು ಎಷ್ಟೋ ಸಲ ಜಾತಿ ಹೇಳುತ್ತೆ. ನಮ್ಮಪ್ಪ ನನ್ನನ್ನ ಶಾಲೆಗೆ ಸೇರಿಸುವಾಗ ಅದು ಬೇಡ ಅಂತಲೇ ಬಿಡಿಸಿದ್ದು. ಅಪ್ಪ ಬಿಡಿಸಿದ್ದನ್ನ ಪ್ರತಿ ಫಾರ್ಮೂ ಮತ್ತೆ ಕೇಳುತ್ತೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದ ನಮ್ಮ ಹುಡುಗರು ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಅನ್ನೋ ಹೊಸ ನಾಮಕರಣ ಮಾಡಿಸಿಕೊಂಡು ಬಂದಿದ್ದು ಗೊತ್ತಲ್ಲ? ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ.

ಮೂರನೇದು: ಎಐ ಬಂದಿದೆ, ಅದು ಸರಿ ಮಾಡುತ್ತೆ ಬಿಡಿ. ಇಂಥ ಒಂದು ಎಐ ಸಹಾಯಕನಿಗೆ ಮುಂಡಗೋಡದ ಲ್ಯಾಬಿಗೆ ರೋಗಿಗಳ ಆ್ಯಪ್ ಕಟ್ಟಿಕೊಡು ಅಂದೆ. ಅರ್ಧ ನಿಮಿಷದಲ್ಲಿ ಕಟ್ಟಿತು. ಫಸ್ಟ್ ನೇಮ್, ಲಾಸ್ಟ್ ನೇಮ್, ಪಕ್ಕದಲ್ಲಿ ಅದೇ ನಕ್ಷತ್ರ. ನಾವು ಇಷ್ಟು ವರ್ಷ ಮಾಡಿದ್ದನ್ನೇ ಅದು ಕಲಿತಿದೆ. ಹಳೇ ತಪ್ಪನ್ನ ಇನ್ನೂ ಬೇಗ ಮಾಡುತ್ತೆ, ಅಷ್ಟೇ.

ಇದೇನು ಯಾರಿಗೂ ತಿಳಿಯದ ಗುಟ್ಟಲ್ಲ. ಹೆಸರುಗಳ ಬಗ್ಗೆ ಪ್ರೋಗ್ರಾಮರ್‌ಗಳು ನಂಬುವ 40 ಸುಳ್ಳುಗಳನ್ನ ಪ್ಯಾಟ್ರಿಕ್ ಮೆಕೆಂಜಿ 2010ರಲ್ಲೇ ಪಟ್ಟಿ ಮಾಡಿ ಹಾಕಿದ್ದರು. ಅದೇ ವರ್ಷ ಆಧಾರ್ ನಂಬರ್ ಕೊಡೋದು ಶುರುವಾಯ್ತು. ಆಧಾರ್ ಬಗ್ಗೆ ನೂರು ದೂರು ಇರಬಹುದು, ನನಗೂ ಇವೆ. ಆದರೆ ಅದರಲ್ಲಿ ಹೆಸರಿಗೆ ಒಂದೇ ಖಾನೆ. ಹುಟ್ಟಿದ ತಾರೀಖು ಗೊತ್ತಿಲ್ಲದವರಿಗೆ ಅಂದಾಜು ವಯಸ್ಸು ಬರೆಸೋಕೂ ಜಾಗ ಇತ್ತು. ನೂರು ಕೋಟಿಗೂ ಹೆಚ್ಚು ಜನ ಒಂದೇ ಖಾನೆಯಲ್ಲಿ ಹಿಡಿಸಿದ್ದಾರೆ. ನಮ್ಮ ಲ್ಯಾಬಿನ ಆ್ಯಪ್‌ಗೆ ಏನು ದಾಡಿ?

ಪ್ಲಾಟ್‌ಫಾರ್ಮ್ ಕಂಪನಿಗಳನ್ನ ಬೈಯೋದು ಸುಲಭ. ಆದರೆ ಫಾರ್ಮ್ ಹಾಕೋರು ನಾವು. ಪೂರ್ತಿ ಹೆಸರಿಗೆ ಒಂದೇ ಖಾನೆ ಇಡಿ, ನಿಮ್ಮನ್ನ ಏನಂತ ಕರೀಬೇಕು ಅಂತ ಇನ್ನೊಂದು ಇಡಿ. ಪ್ಲಾಟ್‌ಫಾರ್ಮ್ ಹಟ ಹಿಡಿದರೆ ಅದರ ಲಾಸ್ಟ್ ನೇಮ್‌ಗೆ ಹಿಂದಿನಿಂದ ಏನಾದ್ರೂ ತುಂಬಿ, ಜನರನ್ನ ಕೇಳಬೇಡಿ. ತಾರೀಖು ಅಂದಾಜಿನದು ಅಂತ ಗುರುತು ಹಾಕೋಕೆ ಜಾಗ ಕೊಡಿ. ಬರೀ ಹೆಸರು, ತಾರೀಖು, ವಿಳಾಸ ನೋಡಿ ಎರಡು ದಾಖಲೆ ಸೇರಿಸೋಕೆ ಬಿಡಬೇಡಿ. ಒಂದು ಮಠದಲ್ಲಿ ಸಾವಿರಾರು ಜನರಿಗೆ ಒಂದೇ ವಿಳಾಸ. ಟೆಸ್ಟ್ ಮಾಡುವಾಗ ಜಾನ್ ಸ್ಮಿತ್ ಬಿಟ್ಟು ನಿಮ್ಮ ಅಜ್ಜಿ ಹೆಸರು ಹಾಕಿ ನೋಡಿ.

ಇದಕ್ಕೆ ಯಾವ ರಿಲೀಸ್ ವೇವ್ ಕೂಡ ಕಾಯಬೇಕಿಲ್ಲ. ನಾನು ಕಟ್ಟಿದ ನಾಲ್ಕು ಆ್ಯಪ್‌ಗಳಲ್ಲಿ ಎರಡನ್ನ ಸರಿ ಮಾಡಿಸಿದೆ, ಅರ್ಧ ದಿನದ ಕೆಲಸ. ಇನ್ನೆರಡರ ಕ್ಲೈಂಟ್‌ಗಳು ಬಜೆಟ್ ಇಲ್ಲ ಅಂದರು. ಎಐ ಫೀಚರ್‌ಗೆ ಮಾತ್ರ ಬಜೆಟ್ ಇದೆಯಂತೆ.