ಕೋಲಾರದ ಬೋರ್ ನೀರಲ್ಲಿ ಯುರೇನಿಯಂ: ಟಿಡಿಎಸ್ ಮೀಟರ್ ಹೇಳಲ್ಲ, ಬೆಳಕು ಹೇಳುತ್ತೆ

ಕೋಲಾರ: ಫ್ಲೋರೈಡ್ ಅಂದ್ರೆ ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. ಹಲ್ಲಿನ ಕಲೆಯೇ ಅದನ್ನ ಹೇಳಿಬಿಡುತ್ತೆ. ಯುರೇನಿಯಂ ಹಾಗಲ್ಲ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಸಿಗಲ್ಲ. ಅದು ಹೊಡೆಯೋದು ಕಿಡ್ನಿಗೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೀಟರ್ ನೀರಲ್ಲಿ 30 ಮೈಕ್ರೋಗ್ರಾಂ ದಾಟಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಪೂರ್ವ ಕರ್ನಾಟಕದ ಹಳ್ಳಿಗಳ ಬೋರ್ ನೀರು ಪರೀಕ್ಷಿಸಿದಾಗ ಬಹಳಷ್ಟು ಕಡೆ ಈ ಮಿತಿ ದಾಟಿತ್ತು. ಕಾರಣ ಕಾರ್ಖಾನೆಯಲ್ಲ, ನೆಲದಡಿಯ ಗ್ರಾನೈಟ್ ಬಂಡೆ. ಬೋರ್ ಆಳಕ್ಕೆ ಹೋದಷ್ಟೂ ಬಂಡೆ ಬಿರುಕಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತೆ.

ಪತ್ತೆ ಹೇಗೆ?

ಯುರೇನಿಯಂ ಕರಗಿದ ನೀರಿಗೆ ಪೈರೋಫಾಸ್ಫೇಟ್ ದ್ರಾವಣ ಬೆರೆಸಿ ನೇರಳಾತೀತ ಬೆಳಕು ಬಿಟ್ಟರೆ ಹಸಿರಾಗಿ ಮಿನುಗುತ್ತೆ. ಮಿನುಗು ಎಷ್ಟಿದೆ ಅಂತ ಅಳೆದ್ರೆ ಪ್ರಮಾಣ ಸಿಗುತ್ತೆ. ಇದಕ್ಕೆ ಫ್ಲೋರಿಮೀಟರ್ ಅನ್ನೋ ಸಣ್ಣ ಯಂತ್ರ ಸಾಕು. ಸೀಸ, ಪಾದರಸ ತಾವಾಗೇ ಹೀಗೆ ಮಿನುಗಲ್ಲ. ಅವಕ್ಕೆ ಅಂಟಿಕೊಂಡು ಹೊತ್ತುವ ಅಥವಾ ಆರುವ ಅಣುಗಳನ್ನ ವಿಜ್ಞಾನಿಗಳು ಲ್ಯಾಬಲ್ಲಿ ತಯಾರಿಸ್ತಾರೆ.

ತೊಡಕೂ ಇದೆ. ನೀರಲ್ಲಿ ಕಬ್ಬಿಣ ಜಾಸ್ತಿ ಇದ್ರೆ ಮಿನುಗು ಮಂಕಾಗಿ, ಇರೋದಕ್ಕಿಂತ ಕಮ್ಮಿ ತೋರಿಸಬಹುದು. ಹಾಗಾಗಿ ಅನುಮಾನ ಬಂದ ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗಲೇಬೇಕು.

ಊರಲ್ಲಿ ಆಗ್ತಿರೋದೇನು?

ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತಿದೆ. ಅವರ ಕಿಟ್‌ನಲ್ಲಿ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ನೋಡಬಹುದು, ಯುರೇನಿಯಂ ನೋಡೋಕಾಗಲ್ಲ. ಶುದ್ಧ ನೀರಿನ ಘಟಕದಲ್ಲಿ ಟಿಡಿಎಸ್ ಮೀಟರ್ ಅದ್ದಿ "ನೀರು ಚೆನ್ನಾಗಿದೆ" ಅಂದ್ರೂ ನಂಬಬೇಡಿ. ಅದು ಒಟ್ಟು ಲವಣದ ಅಂದಾಜು ಕೊಡುತ್ತೆ, ಯಾವ ಲೋಹ ಅಂತ ಹೇಳಲ್ಲ.

ಕುದಿಸಿದ್ರೂ ಯುರೇನಿಯಂ ಹೋಗಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತೆ. ಸರಿಯಾಗಿ ನಡೆಯೋ ಆರ್‌ಒ ಘಟಕ ಅದನ್ನ ಬಹುಪಾಲು ತೆಗೆಯುತ್ತೆ. ಆದ್ರೆ ತೆಗೆದದ್ದೆಲ್ಲ ವೇಸ್ಟ್ ನೀರಲ್ಲಿ ಸೇರಿ ಚರಂಡಿಗೋ ಕೆರೆಗೋ ಹೋದ್ರೆ, ಮತ್ತೆ ನಮ್ಮ ನೆಲಕ್ಕೇ ಬಂತಲ್ಲ?

ಜಿಲ್ಲೆಗೆ ಬೇಕಿರೋದು ದೊಡ್ಡ ಯೋಜನೆಯೇನಲ್ಲ. ತಾಲ್ಲೂಕಿಗೊಂದು ಫ್ಲೋರಿಮೀಟರ್, ಅದನ್ನ ನಡೆಸೋಕೆ ಕಲಿತ ಒಬ್ಬರು, ಹೊಸ ಬೋರ್ ಕೊರೆದಾಗಲೆಲ್ಲ ಪರೀಕ್ಷೆ, ಘಟಕದ ಗೋಡೆ ಮೇಲೆ ದಿನಾಂಕದ ಜತೆ ಫಲಿತಾಂಶ. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮ ಬೋರ್ ನೀರಿಗೆ ಯುರೇನಿಯಂ ಪರೀಕ್ಷೆ ಯಾವಾಗ ಆಗಿದೆ? ಉತ್ತರ ಬಾಯಿಮಾತಲ್ಲಿ ಬೇಡ, ರಿಪೋರ್ಟ್ ತೋರಿಸಿ ಅನ್ನಿ.